ಚೆಲುವಪಿಳ್ಳೆಯ ತವರು

ಎರಡು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊರದೇಶದಿಂದ ಒಂದು ಹಸ್ತಪ್ರತಿಯನ್ನು ಕಳುಹಿಸಿ, “ಸರ್, ಓದಿ, ತಿದ್ದಿಕೊಡಿ” ಎಂದು ಕೇಳಿಕೊಂಡಿದ್ದಳು. ಆಕೆ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯವಳು. ಮದುವೆಯಾಗಿ ಪರದೇಶದಲ್ಲಿ ನೆಲಸಿ ಹನ್ನೆರಡು ವರ್ಷಗಳಾದುವು. ಮಕ್ಕಳಾಗಲಿಲ್ಲ. ಗಂಡಹೆಂಡಿರು ಯೋಚಿಸಿ ಭಾರತದಿಂದ ಒಂದು ಮಗುವನ್ನು ದತ್ತು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದರು. ಅವರ ಪಾಲಿಗೆ ಬಂದ ಮಗು ಕನ್ನಡನಾಡಿನದಾಗಿರಲಿಲ್ಲ, ಒಡಿಶಾದ ಒಂದು ಶಿಶುಮಂದಿರದಲ್ಲಿ ಬೆಳೆಯುತ್ತಿದ್ದ ಎರಡೂವರೆ ವರ್ಷದ ಹೆಣ್ಣುಮಗು. ಅದನ್ನು ಕಾಣಲು ಸಮುದ್ರ ದಾಟಿ ಬಂದ ಪ್ರಯಾಣದ ವೃತ್ತಾಂತವೇ ಆ ಇಪ್ಪತ್ತಾರು ಪುಟಗಳ ಬರವಣಿಗೆ.

ಬರವಣಿಗೆ ಸೊಗಸಾಗಿದೆ. ವರ್ಷಗಟ್ಟಲೆ ಕಾದದ್ದು, ಕಾಗದಪತ್ರಗಳ ಕಂತೆ, ಮನೆಗೆ ಬಂದು ಅಡಿಗೆಮನೆಯವರೆಗೂ ಇಣುಕಿ ನೋಡಿಹೋದ ಅಧಿಕಾರಿಣಿ, ಒಂದೇ ಒಂದು ಫೋಟೋವನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡಿದ್ದು, ಕೊಂಡ ಬೊಂಬೆ ಪೆಟ್ಟಿಗೆಯಲ್ಲಿ ಹಿಡಿಸದೆ ವಿಮಾನದುದ್ದಕ್ಕೂ ತೊಡೆಯ ಮೇಲೇ ಕುಳಿತು ಬಂದದ್ದು, ಭುವನೇಶ್ವರದ ಹೋಟೆಲಿನಲ್ಲಿ ನಿದ್ದೆಯಿಲ್ಲದ ರಾತ್ರಿ—ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಇಪ್ಪತ್ತೆರಡನೆಯ ಪುಟದಲ್ಲಿ ಮಗು ಕೈಗೆ ಬರುತ್ತದೆ. ಅಲ್ಲಿ ಒಂದು ವಾಕ್ಯ ಹೀಗಿದೆ: “ಮಗುವನ್ನು ತಂದುಕೊಟ್ಟ ಆಯಾ ಅಳುತ್ತಿದ್ದಳು.” ಮುಂದಿನ ವಾಕ್ಯದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರಾಚೆಗೆ ಹಾರಾಟ, ಮನೆ, ಹುಟ್ಟುಹಬ್ಬ.

ನಾನು ಆ ಒಂದು ವಾಕ್ಯದಲ್ಲಿ ನಿಂತುಬಿಟ್ಟೆ. ಎರಡೂವರೆ ವರ್ಷ ಆ ಮಗುವಿಗೆ ತುತ್ತಿಟ್ಟವಳು, ಜ್ವರ ಬಂದಾಗ ಎದ್ದು ಕುಳಿತವಳು ಅವಳು. ಅವಳಿಗೆ ಸಂದದ್ದು ನಾಲ್ಕು ಶಬ್ದ. ಇದು ನನ್ನ ವಿದ್ಯಾರ್ಥಿನಿಯೊಬ್ಬಳ ದೋಷವಲ್ಲ. ಮಗುವನ್ನು ಅರಸಿ ದೂರ ಹೋಗುವ ಕತೆಗಳೆಲ್ಲವನ್ನೂ ಬಾಧಿಸುವ ದೋಷವೆಂದೇ ತೋರುತ್ತದೆ. ಹೋದವನ ಕಣ್ಣಿನಿಂದ ಕತೆ ಹುಟ್ಟುತ್ತದೆ. ಬರಿದಾದ ಮಡಿಲಿನ ಕಡೆ ಆ ಕಣ್ಣು ತಿರುಗುವುದೇ ಇಲ್ಲ. ವಾತ್ಸಲ್ಯವನ್ನು ಪ್ರತ್ಯೇಕ ರಸವೆಂದು ಒಪ್ಪಿದ ಆಲಂಕಾರಿಕರಲ್ಲಿ ಸಾಹಿತ್ಯದರ್ಪಣದ ವಿಶ್ವನಾಥನು ಮುಖ್ಯನು. ಅವನನ್ನು ಓದುವಾಗಲೂ ನನಗೆ ಈ ಶಂಕೆ ಬಂದದ್ದುಂಟು: ಒಂದೇ ಮಗುವಿಗೆ ಇಬ್ಬರು ತಾಯಂದಿರಿದ್ದರೆ, ರಸ ಯಾರಲ್ಲಿ ನೆಲಸಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸ್ಥಳಪುರಾಣ, ನನಗೆ ತಿಳಿದಮಟ್ಟಿಗೆ, ನಮ್ಮ ಸೀಮೆಯ ಅತಿ ದೊಡ್ಡ ದತ್ತಕದ ಕತೆ. ಅದನ್ನು ಹಾಗೆಂದು ಯಾರೂ ಓದುವುದಿಲ್ಲ ಅಷ್ಟೆ. ಹುತ್ತದಲ್ಲಿ ಮುಚ್ಚಿಹೋಗಿದ್ದ ತಿರುನಾರಾಯಣನ ಮೂಲಮೂರ್ತಿಯನ್ನು ಕಂಡುಹಿಡಿದ ರಾಮಾನುಜಾಚಾರ್ಯರಿಗೆ ಉತ್ಸವಮೂರ್ತಿ ದೊರೆಯುವುದಿಲ್ಲ. ಅದು ದೆಹಲಿಯ ಸುಲ್ತಾನನ ಅರಮನೆಯಲ್ಲಿದೆಯೆಂದು ಕನಸಾಗುತ್ತದೆ. ವೃದ್ಧ ಯತಿ ಹೊರಡುತ್ತಾರೆ. ಸುಲ್ತಾನನು ತನ್ನಲ್ಲಿರುವ ವಿಗ್ರಹಗಳನ್ನೆಲ್ಲ ತೋರಿಸುತ್ತಾನೆ, ಅವುಗಳಲ್ಲಿ ಅದಿಲ್ಲ. ಅದು ಅಂತಃಪುರದಲ್ಲಿ ರಾಜಕುಮಾರಿಯ ಬಳಿಯಲ್ಲಿದೆ. ಅವಳು ಅದನ್ನು ಆಟದ ಬೊಂಬೆಯಾಗಿ ಸಿಂಗರಿಸಿ ಇಟ್ಟುಕೊಂಡಿದ್ದಾಳೆ. ಆಚಾರ್ಯರು ಕೈಚಾಚಿ ಎತ್ತಿಕೊಳ್ಳುವುದಿಲ್ಲ, ಕರೆಯುತ್ತಾರೆ. ಮೂರ್ತಿ ಗೆಜ್ಜೆಯ ಸದ್ದಿನೊಡನೆ ನಡೆದುಬಂದು ಅವರ ತೊಡೆಯ ಮೇಲೆ ಕೂರುತ್ತದೆ. ಅಂದಿನಿಂದ ಅವನು ಚೆಲುವಪಿಳ್ಳೆ. ಯತಿರಾಜನ ಮಗ ಸಂಪತ್ಕುಮಾರ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮಗಳಿವೆ. ಮೊದಲನೆಯದು, ತಂದೆಯಾದವನು ಸಂನ್ಯಾಸಿ. ಅವನಿಗೆ ಪಿಂಡವಿಡುವ ಮಗ ಬೇಕಾಗಿಲ್ಲ, ಸಿಂಹಾಸನಕ್ಕೆ ಉತ್ತರಾಧಿಕಾರಿಯೂ ಬೇಕಾಗಿಲ್ಲ. ನಮ್ಮ ಚರಿತ್ರೆಯಲ್ಲಿ ದತ್ತಕವೆಂದರೆ ಕೂಡಲೇ ನೆನಪಾಗುವುದು 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ಸ್ವೀಕರಿಸಿದ ಪ್ರಸಂಗ. ಅಲ್ಲಿ ರಾಜ್ಯವೇ ಪಣವಾಗಿತ್ತು. ಬ್ರಿಟಿಷರು ಅದನ್ನು ಒಪ್ಪಲು 1867 ಬರಬೇಕಾಯಿತು. ಮೇಲುಕೋಟೆಯ ಯತಿಗೆ ಅಂಥ ಯಾವ ಪ್ರಯೋಜನವೂ ಇಲ್ಲ. ‘ಪಿಳ್ಳೆ’ ಎಂದರೆ ಮಗು. ಮಗುವೆಂದು ಕರೆಯಬೇಕೆನಿಸಿದ್ದರಿಂದ ಕರೆದ, ಅಷ್ಟೆ. ಎರಡನೆಯದು, ನಡೆದುಬರುವ ಹೆಜ್ಜೆ ಮಗುವಿನದು. ಇಷ್ಟು ದೂರ ನಡೆದುಬಂದವನು ಕೊನೆಯ ಹತ್ತು ಮಾರನ್ನು ಮಗುವಿಗೆ ಬಿಟ್ಟುಕೊಡುತ್ತಾನೆ. ಯಾವ ಮಹಾಕವಿಯೂ ಇದಕ್ಕಿಂತ ಔಚಿತ್ಯವುಳ್ಳ ಸನ್ನಿವೇಶವನ್ನು ಕಲ್ಪಿಸಲಾರನು.

ಆದರೆ ನನ್ನ ವಾದಕ್ಕೆ ಮುಖ್ಯವಾದದ್ದು ಮುಂದಿನ ಭಾಗ. ಕತೆ ತೊಡೆಯ ಮೇಲೆ ಮುಗಿಯಬಹುದಿತ್ತು, ಮುಗಿಯುವುದಿಲ್ಲ. ಮಗುವನ್ನು ಕಳೆದುಕೊಂಡ ರಾಜಕುಮಾರಿ ಅರಮನೆಯಲ್ಲಿ ಇರಲಾರದೆ ಹಿಂಬಾಲಿಸಿ ಬರುತ್ತಾಳೆ, ಕೊನೆಗೆ ಅವನಲ್ಲಿಯೇ ಐಕ್ಯಳಾಗುತ್ತಾಳೆ. ಇಂದಿಗೂ ಉತ್ಸವಮೂರ್ತಿಯ ಪದತಲದಲ್ಲಿ ಬೀಬಿ ನಾಚಿಯಾರಳ ಪ್ರತಿಮೆಯುಂಟು. ಅವನಿಗೆ ಸಂದ ಪೂಜೆ ಅವಳನ್ನು ಮುಟ್ಟಿಯೇ ಸಲ್ಲುತ್ತದೆ. ಮಗುವನ್ನು ತರುವ ದಾರಿಯಲ್ಲಿ ನೆರವಾದವರೆಂದು ತಿರುಕುಲದವರನ್ನೂ ಈ ಕತೆ ಮರೆಯದೆ ನೆನೆಯುತ್ತದೆ. ಊರು ಅಸ್ಪೃಶ್ಯರೆಂದು ದೂರವಿಟ್ಟವರಿಗೆ ವರ್ಷದ ಕೆಲವು ದಿನ ದೇವಾಲಯ ಪ್ರವೇಶದ ಹಕ್ಕು ದೊರೆತದ್ದು ಈ ಋಣದಿಂದ ಎಂದು ಪರಂಪರೆ ಹೇಳುತ್ತದೆ. ವರ್ಷದಲ್ಲಿ ಕೆಲವೇ ದಿನ ಏಕೆ ಎಂದು ಕೇಳಬೇಕಾದದ್ದೇ; ಅದು ಬೇರೆಯೇ ಲೇಖನಕ್ಕೆ ವಸ್ತು.

ಇತಿಹಾಸಜ್ಞರು ಇಲ್ಲಿ ನಗಬಹುದು. ಸಂಪ್ರದಾಯದಂತೆ ರಾಮಾನುಜರ ಕಾಲ 1017ರಿಂದ 1137. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ತೊಡಗಿದ್ದು 1206ರಲ್ಲಿ. ದೆಹಲಿಯ ಸೇನೆ ದೋರಸಮುದ್ರಕ್ಕೆ ಬಂದದ್ದು 1311ರಲ್ಲಿ. ಹಾಗಾದರೆ ಈ ಕತೆ ಆ ದಂಡಯಾತ್ರೆಗಳನ್ನು ಕಂಡು ಕೇಳಿದವರು ಆಮೇಲೆ ಕಟ್ಟಿದ್ದೆಂದು ಊಹಿಸುವುದು ಯುಕ್ತ. ನನಗೆ ಇದರಿಂದ ಕತೆಯ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಸೂರೆಯನ್ನು ಬಲ್ಲ ಜನ, ಸೂರೆ ಮಾಡಿದವನ ಮಗಳಿಗೆ ತಮ್ಮ ದೇವರ ಪಾದದಲ್ಲಿ ಜಾಗ ಕೊಟ್ಟರು. ನಮ್ಮ ಕಾಲದ ಹರಿಕತೆಗಳೂ ಭಾಷಣಗಳೂ ಇದನ್ನು ಬರಿಯ ಪ್ರಣಯಕತೆಯನ್ನಾಗಿಯೋ ಜಗಳದ ಸಾಕ್ಷಿಯನ್ನಾಗಿಯೋ ಮಾಡುತ್ತಿವೆ. ಅವೆರಡೂ ಕತೆಗೆ ಅನ್ಯಾಯ.

ಹೀಗೆಂದು ಸ್ಥಳಪುರಾಣ ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ಬೀಬಿಗೆ ಅದು ಜಾಗ ಕೊಟ್ಟಿತು, ಮಾತು ಕೊಡಲಿಲ್ಲ. ಅವಳನ್ನು ಮೂರ್ತಿಯಲ್ಲಿ ಕರಗಿಸಿದ್ದು ಭಕ್ತಿಗೆ ಸಮಾಧಾನವಾಗಬಹುದು, ನನ್ನಂಥ ಓದುಗನಿಗೆ ಅಷ್ಟು ಸಮಾಧಾನವಿಲ್ಲ. ಬದುಕಿ ಉಳಿದು ಆ ಬೆಟ್ಟದ ಕೆಳಗೆ ಮುದುಕಿಯಾಗಿದ್ದರೆ ಅವಳು ಏನು ಹೇಳುತ್ತಿದ್ದಳು?

ಇದೇ ತೊಡೆ, ಇದೇ ಅಪ್ಪುಗೆ, ಸುಳ್ಳಾದಾಗ ಹೇಗಿರುತ್ತದೆಂಬುದಕ್ಕೂ ಹತ್ತಿರದಲ್ಲೇ ನಿದರ್ಶನವಿದೆ. ಮೇಲುಕೋಟೆಯ ಬೆಟ್ಟವಿಳಿದು ಪಾಂಡವಪುರ ದಾಟಿದರೆ ಶ್ರೀರಂಗಪಟ್ಟಣ. ಅಲ್ಲಿ 1792ರ ಫೆಬ್ರುವರಿ 26ರಂದು ಟೀಪು ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಲಾಯಿತು. ಹುಡುಗರು ಸುಮಾರು 10 ಮತ್ತು 8 ವರ್ಷದವರೆಂದು ಮೇಜರ್ ಡಿರೋಮ್ ಬರೆದಿದ್ದಾನೆ. ಬೆಳಿಗ್ಗೆಯವರೆಗೆ ಇವರು ಸುಲ್ತಾನನ ಮಕ್ಕಳು, ಇನ್ನು ತಾವೇ ಇವರಿಗೆ ತಂದೆ ಎಂಬ ಅರ್ಥದಲ್ಲಿ ವಕೀಲ ಗುಲಾಮ್ ಅಲಿ ಖಾನ್ ನುಡಿದನಂತೆ. ಕಾರ್ನ್‌ವಾಲಿಸ್ ಹುಡುಗರನ್ನು ಅಪ್ಪಿಕೊಂಡ, ಒಬ್ಬೊಬ್ಬನಿಗೂ ಚಿನ್ನದ ಗಡಿಯಾರ ಕೊಟ್ಟ. ರಾಬರ್ಟ್ ಹೋಮ್, ಮೇದರ್ ಬ್ರೌನ್ ಮೊದಲಾದ ಚಿತ್ರಕಾರರು ಈ ದೃಶ್ಯವನ್ನು ಬರೆದರು. ಕಾರ್ನ್‌ವಾಲಿಸ್ ಅಲ್ಲಿ ಪಿತೃವತ್ಸಲನಾಗಿ ಕಂಗೊಳಿಸುತ್ತಾನೆ. ಅರಮನೆಯ ಒಳಗೆ ಉಳಿದ ತಾಯಂದಿರು ಚಿತ್ರದ ಚೌಕಟ್ಟಿನೊಳಗೆ ಇಲ್ಲ. ಒಪ್ಪಂದದ ಹಣ ಸಂದ ಮೇಲೆ, 1794ರಲ್ಲಿ, ಮಕ್ಕಳು ಹಿಂದಿರುಗಿದರು. ಆ ‘ತಂದೆತನ’ದ ಆಯುಸ್ಸು ಎರಡು ವರ್ಷ.

ಮೇಲುಕೋಟೆಯ ಕತೆಗೂ ಈ ಚಿತ್ರಗಳಿಗೂ ಇರುವ ಅಂತರ ಪ್ರೀತಿಯ ಪ್ರಮಾಣದಲ್ಲಿಲ್ಲ. ಚಿತ್ರಕಾರ ಪ್ರೀತಿಯನ್ನು ಧಾರಾಳವಾಗಿಯೇ ಬಳಿದಿದ್ದಾನೆ. ಅಂತರವಿರುವುದು, ಕಳೆದುಕೊಂಡವರನ್ನು ಎಲ್ಲಿ ನಿಲ್ಲಿಸಿದರು ಎಂಬುದರಲ್ಲಿ.

ದೊಡ್ಡ ಕವಿಗಳೂ ಇಲ್ಲಿ ಎಡವಿದ್ದುಂಟು. ಕುಂತಿ ಕರ್ಣನನ್ನು ಅರಸಿ ಹೋಗುವ ಸಂದರ್ಭವನ್ನು ಪಂಪನಿಂದ ಹಿಡಿದು ಎಷ್ಟು ಮಂದಿ ಎಷ್ಟು ಮನೋಜ್ಞವಾಗಿ ಬರೆದಿಲ್ಲ! ಕರ್ಣ ಸಾಕಿದ ಮನೆಯನ್ನು ಬಿಡಲೊಲ್ಲ, ನಿಜ. ಆದರೆ ರಾಧೆ ಆ ಹೊತ್ತು ಎಲ್ಲಿದ್ದಳು, ಸುದ್ದಿ ಕೇಳಿ ಅವಳ ಎದೆ ಏನಾಯಿತು ಎಂದು ನಾವು ಕೇಳುವುದನ್ನೇ ಮರೆತಿದ್ದೇವೆ. ಇದಕ್ಕೆ ಅಪವಾದವೆಂದು ನಾನು ತರಗತಿಯಲ್ಲಿ ಹೇಳುವುದು ಪು. ತಿ. ನ. ಅವರ ‘ಗೋಕುಲ ನಿರ್ಗಮನ’ವನ್ನು. ಅಕ್ರೂರ ರಥ ತಂದು ಸಾಕುಮಗನನ್ನು ಕರೆದೊಯ್ಯುವ ಕತೆಯನ್ನು ಮಧುರೆಯ ಕಡೆಯಿಂದ ನೋಡಿದರೆ ಅದು ವಿಜಯಯಾತ್ರೆ. ಪು. ತಿ. ನ. ನಿಂತು ನೋಡಿದ್ದು ಬರಿದಾಗುತ್ತಿರುವ ಗೋಕುಲದಲ್ಲಿ. ಅವರು ಹುಟ್ಟಿ ಬೆಳೆದದ್ದು ಅದೇ ಮೇಲುಕೋಟೆಯಲ್ಲಿ. ದೇವರ ಪದತಲದ ಆ ಪುಟ್ಟ ಪ್ರತಿಮೆಯನ್ನು ಬಾಲ್ಯದಿಂದ ಕಂಡ ಕಣ್ಣಿಗೆ ಹೀಗೆ ನೋಡುವುದು ಸಹಜವಾಯಿತೋ ಏನೋ. ಇದನ್ನು ಸಾಧಿಸಿ ತೋರಿಸಲಾರೆ, ಹಾಗೆ ನಂಬಲು ಮಾತ್ರ ಇಷ್ಟಪಡುತ್ತೇನೆ.

ಸಾಹಿತ್ಯಕ್ಕಿಂತ ಕಾನೂನು ಈ ವಿಷಯದಲ್ಲಿ ಬೇಗ ಎಚ್ಚತ್ತಿತೆಂದು ಹೇಳಲು ಸಾಹಿತ್ಯದ ಮೇಷ್ಟರಾದ ನನಗೆ ಸ್ವಲ್ಪ ಸಂಕೋಚವಾಗುತ್ತದೆ. ಹೊರದೇಶಗಳಿಗೆ ದತ್ತು ಹೋಗುವ ಮಕ್ಕಳ ವಿಷಯದಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ಸುಪ್ರೀಂ ಕೋರ್ಟು 1984ರಲ್ಲಿ ವಿಧಿನಿಯಮಗಳನ್ನು ಹಾಕಿಕೊಟ್ಟಿತು. ಮಗುವಿಗೆ ಮೊದಲು ಹುಟ್ಟಿದ ನಾಡಿನಲ್ಲೇ ಮನೆ ಹುಡುಕಬೇಕೆಂಬ ತತ್ತ್ವ 1993ರ ಹೇಗ್ ಒಡಂಬಡಿಕೆಯಲ್ಲಿ ಸೇರಿತು. ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. 2022ರ ದತ್ತು ನಿಯಮಾವಳಿಯಲ್ಲಿ, ಮಗು ಮುಂದೆ ತನ್ನ ಮೂಲವನ್ನು ತಿಳಿಯಬಯಸಿದರೆ, ಹೆತ್ತವರ ಗೋಪ್ಯತೆಗೆ ಭಂಗ ಬಾರದಂತೆ ನೆರವಾಗಬೇಕೆಂಬ ಏರ್ಪಾಡಿದೆ. ಅಂತೂ ಬಿಟ್ಟುಬಂದ ಮನೆ ಒಂದಿದೆಯೆಂದು ಸರಕಾರದ ಕಾಗದ ಒಪ್ಪಿಕೊಂಡಿತು. ಆದರೆ ಕಾಗದಕ್ಕೆ ಹೆತ್ತವರು ಗೊತ್ತು, ನಡುವೆ ಎತ್ತಿ ಆಡಿಸಿದವಳು ಗೊತ್ತಿಲ್ಲ. ಅವಳನ್ನು ನೆನೆಯಬೇಕಾದದ್ದು ಬರೆಯುವವರೇ.

ನಾನು ವಿದ್ಯಾರ್ಥಿನಿಗೆ ಫೋನು ಮಾಡಿ ಇಷ್ಟನ್ನೂ ಹೇಳಲಿಲ್ಲ. “ನೋಡಮ್ಮ, ಆಯಾ ಅಳುತ್ತಿದ್ದಳು ಎಂದು ಬರೆದಿದ್ದೀಯಲ್ಲ, ಅಲ್ಲಿಂದ ನಿನ್ನ ಕತೆ ಶುರುವಾಗುತ್ತದೆ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆಯಲು ಭಯವಾಗುತ್ತೆ ಸರ್. ಅವಳನ್ನು ಬರೆದರೆ ಮಗು ನನ್ನದಲ್ಲ ಅಂತ ಆಗಿಬಿಡುತ್ತೇನೋ ಅಂತ” ಎಂದಳು. ಪ್ರಾಮಾಣಿಕವಾದ ಮಾತು. ನಾನು ‘ಮೈಸೂರ ಮಲ್ಲಿಗೆ’ಯನ್ನು ನೆನಪು ಮಾಡಿದೆ. ಕೃಷ್ಣರಾಜಪೇಟೆಯ ಕಿಕ್ಕೇರಿಯವರಾದ ಕೆ. ಎಸ್. ನರಸಿಂಹಸ್ವಾಮಿಯವರ 1942ರ ಆ ಸಂಕಲನವನ್ನು ಅವಳು ನನ್ನ ತರಗತಿಯಲ್ಲಿಯೇ ಓದಿದ್ದಳು. ಅಲ್ಲಿ ಹೆಂಡತಿಗೆ ತವರಿನ ಮೇಲಿರುವ ಮೋಹದ ಬಗ್ಗೆ ಗಂಡ ಹುಸಿಮುನಿಸು ತೋರುತ್ತಾನೆ, ಅಷ್ಟರಿಂದ ಅವಳು ಅವನವಳಲ್ಲದೆ ಹೋಗುವುದಿಲ್ಲ. ತವರು ಎಂಬ ಮಾತನ್ನು ನಾವು ಮದುವೆಯಾದ ಹೆಣ್ಣಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಎರಡೂವರೆ ವರ್ಷಕ್ಕೆ ಮನೆ ಬದಲಿಸಿದ ಹೆಣ್ಣಿಗೆ ಆ ಮಾತು ಸಲ್ಲಬಾರದೇಕೆ?

ಕಳೆದ ವಾರ ತಿದ್ದಿದ ಪ್ರತಿ ಬಂದಿದೆ. ಆಯಾಳ ಭಾಗ ಈಗ ಐದು ಪುಟ. ಮಗುವಿಗೆ ಅನ್ನದ ಗಂಜಿಯನ್ನು ಹೇಗೆ ಆರಿಸಿ ಕೊಡಬೇಕು, ನಿದ್ದೆ ಬಾರದಿದ್ದರೆ ಬೆನ್ನಿನ ಯಾವ ಕಡೆ ತಟ್ಟಬೇಕು ಎಂದು ಆಕೆ ಸನ್ನೆಯಲ್ಲಿ ತೋರಿಸಿದ್ದು, ಭಾಷೆ ಬಾರದ ನಾಗಮಂಗಲದವಳು ತಲೆಯಾಡಿಸಿದ್ದು, ಆ ಸನ್ನೆಗಳಲ್ಲಿ ಒಂದು ಅರ್ಥವಾಗದೆ ಇಂದಿಗೂ ಅದೇನಿರಬಹುದೆಂದು ಯೋಚಿಸುವುದು. ಇದನ್ನೆಲ್ಲ ಮೊದಲ ಪ್ರತಿಯಲ್ಲಿ ಮುಚ್ಚಿಟ್ಟಿದ್ದಳಲ್ಲ! ಭಾಷೆ ಅಲ್ಲಲ್ಲಿ ತಡವರಿಸುತ್ತದೆ, ಮೊದಲಿನ ಸೊಗಸು ಉಳಿದಿಲ್ಲ. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಅಂಚಿನಲ್ಲಿ ಒಂದು ಪ್ರಶ್ನೆ ಹಾಕಿದ್ದಾಳೆ. ಮಗು ಈಗ ಕನ್ನಡದಲ್ಲಿ ಅಮ್ಮ ಎನ್ನುತ್ತದಂತೆ. ಆದರೆ ನಿದ್ದೆಗಣ್ಣಿನಲ್ಲಿ ಮಾತ್ರ ‘ಮಾಉಸಿ’ ಎಂದು ಕರೆಯುತ್ತದೆ. ಒಡಿಯಾದಲ್ಲಿ ಹಾಗೆಂದರೆ ತಾಯಿಯ ತಂಗಿ, ನಮ್ಮ ಚಿಕ್ಕಮ್ಮ. ಶಿಶುಮಂದಿರದಲ್ಲಿ ಆಯಾಳನ್ನು ಮಕ್ಕಳು ಹಾಗೇ ಕರೆಯುತ್ತಿದ್ದರಂತೆ. ಪುರಿಯ ಜಗನ್ನಾಥನೂ ರಥಯಾತ್ರೆಯಲ್ಲಿ ವರ್ಷಕ್ಕೊಮ್ಮೆ ತನ್ನ ಮಾಉಸಿಯ ಮನೆಗೆ ಹೋಗಿಬರುತ್ತಾನೆಂದು ಅಲ್ಲಿಯ ಜನ ಹೇಳುತ್ತಾರೆ. “ಇದನ್ನು ಚಿಕ್ಕಮ್ಮ ಎಂದು ಅನುವಾದ ಮಾಡಲೋ, ಹಾಗೇ ಬಿಡಲೋ, ಸರ್?”

ಹಾಗೇ ಬಿಡು ಎಂದು ಬರೆದು ಕಳುಹಿಸಿದ್ದೇನೆ.