ಮೂವತ್ತೆರಡು ತಂಡಗಳ ರಾಶಿಫಲ

ಯುಗಾದಿಯ ದಿನ ಪಂಚಾಂಗ ಶ್ರವಣ ಕೇಳಿಕೊಂಡು ಬೆಳೆದವನಿಗೆ ಅಮೆರಿಕದ ಕ್ರೀಡಾ ಅಂಕಣಗಳು ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ. ಅಲ್ಲಿ 12 ರಾಶಿ, ಇಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿನ 32 ತಂಡ. ಯಾರಿಗೆ ಆಯ, ಯಾರಿಗೆ ವ್ಯಯ, ಯಾರಿಗೆ ಅವಮಾನ ಎಂದು ಋತು ಶುರುವಾಗುವ ಮುಂಚೆಯೇ ಬರೆದಿಟ್ಟಿರುತ್ತಾರೆ. 2009ರ ಬೇಸಗೆಯಲ್ಲಿ ಬಾಸ್ಟನ್ ಹತ್ತಿರದ ಊರೊಂದರಲ್ಲಿ ಕೆಲಸಕ್ಕಿದ್ದಾಗ ನಾನು ಇಂಥ ಅಂಕಣಗಳನ್ನು ಚಟ ಹತ್ತಿದವನಂತೆ ಓದುತ್ತಿದ್ದೆ. ಆ ವರ್ಷ ನಾನು ಓದಿದ್ದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆ ಒಂದೇ: ವೈಲ್ಡ್‌ಕ್ಯಾಟ್ ವ್ಯೂಹವನ್ನು ಮುಂದೆ ಯಾವ ತಂಡ ಎತ್ತಿಕೊಳ್ಳುತ್ತದೆ? ಆಫೀಸಿನಲ್ಲಿ ನಾವು ಏಳೆಂಟು ಜನ ತಲಾ ಐದು ಡಾಲರ್ ಹಾಕಿ, ಒಬ್ಬೊಬ್ಬರೂ ಒಂದೊಂದು ಪಟ್ಟಿ ಬರೆದಿದ್ದೆವು. ಈಚೆಗೆ ಮನೆ ಬದಲಾಯಿಸುವಾಗ ನನ್ನ ಪಟ್ಟಿ ಇದ್ದ ನೋಟ್‌ಪುಸ್ತಕ ಸಿಕ್ಕಿತು. ಓದುತ್ತಾ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಪುಸ್ತಕಗಳ ವಿಮರ್ಶೆ ಬರೆಯುವ ಜಾಗದಲ್ಲಿ ಈ ವಾರ ಆ ಪಟ್ಟಿಯನ್ನೇ ಇಟ್ಟುಕೊಂಡು ಕೂತಿದ್ದೇನೆ.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಅಮೆರಿಕದ ಫುಟ್‌ಬಾಲಿನಲ್ಲಿ ಎರಡೂ ಕಡೆ 11 ಜನ. ಸೆಂಟರ್ ಎಂಬ ಆಟಗಾರ ಬಗ್ಗಿ ನಿಂತು ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ಪಡೆಯುವವನು ಕ್ವಾರ್ಟರ್‌ಬ್ಯಾಕ್. ದೂರಕ್ಕೆ ಎಸೆಯುವುದೋ, ಹಿಂದಿರುವ ರನ್ನಿಂಗ್ ಬ್ಯಾಕ್‌ನ ಕೈಗಿಟ್ಟು ಓಡಿಸುವುದೋ, ಮುಂದಿನದು ಅವನ ಕೈಯಲ್ಲಿ. ತಂಡದಲ್ಲಿ ದೊಡ್ಡ ಸಂಬಳ ಸಾಮಾನ್ಯವಾಗಿ ಅವನದು, ಪತ್ರಿಕೆಯ ದೊಡ್ಡ ಫೋಟೋವೂ ಅವನದೇ. ವೈಲ್ಡ್‌ಕ್ಯಾಟ್‌ನಲ್ಲಿ ಈ ಯಜಮಾನನನ್ನು ಮೈದಾನದ ಅಂಚಿಗೆ ಕಳಿಸಿ ಚೆಂಡನ್ನು ನೇರವಾಗಿ ರನ್ನಿಂಗ್ ಬ್ಯಾಕ್‌ಗೇ ಕೊಡುತ್ತಾರೆ. ಮದುವೆಮನೆಯಲ್ಲಿ ಹೆಣ್ಣಿನ ಅಪ್ಪನನ್ನೇ ಚಪ್ಪಲಿ ಕಾಯಲು ಕೂರಿಸಿದ ಹಾಗೆ. ಆದರೆ ಇದರ ಹಿಂದೆ ಒಂದು ಲೆಕ್ಕವಿದೆ. ಮಾಮೂಲಿ ಆಟದಲ್ಲಿ ಚೆಂಡನ್ನು ಇನ್ನೊಬ್ಬನ ಕೈಗಿಟ್ಟ ಮೇಲೆ ಕ್ವಾರ್ಟರ್‌ಬ್ಯಾಕ್ ನಿಂತು ನೋಡುತ್ತಾನೆ, ಅಷ್ಟೆ. ಎದುರಾಳಿಯ 11 ಜನರಿಗೆ ಇವರ ಕಡೆ ದುಡಿಯುವವರು 10 ಮಂದಿ. ಅವನನ್ನು ಅಂಚಿಗೆ ಕಳಿಸಿದರೆ ಅವನ ಮೇಲೆ ಕಣ್ಣಿಡಲು ಎದುರಾಳಿಯೂ ಒಬ್ಬನನ್ನು ಅಲ್ಲಿ ಇಡಬೇಕಾಗುತ್ತದೆ. ಆ ಒಬ್ಬನ ಕೊರತೆ ತುಂಬಿಬಿಡುತ್ತದೆ.

2008ರ ಸೆಪ್ಟೆಂಬರ್ 21ರಂದು ಮಯಾಮಿ ಡಾಲ್ಫಿನ್ಸ್ ತಂಡ ನಮ್ಮ ಊರ ಹತ್ತಿರದ ಫಾಕ್ಸ್‌ಬರೋಗೆ ಬಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ ಆಡಿದ್ದು ಇದನ್ನೇ. ಮಯಾಮಿ ಹಿಂದಿನ ವರ್ಷ 16 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತ್ತು. ಈ ವರ್ಷವೂ ಮೊದಲೆರಡು ಪಂದ್ಯ ಸೋತೇ ಬಂದಿತ್ತು. ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ ಮೊದಲ ಪಂದ್ಯದಲ್ಲೇ ಮಂಡಿ ಮುರಿದುಕೊಂಡಿದ್ದ, ನಿಜ. ಆದರೂ ಆ ತಂಡ ನಿಯಮಿತ ಋತುವಿನ ಸತತ 21 ಪಂದ್ಯ ಗೆದ್ದು ನಿಂತಿತ್ತು. ನಾವೆಲ್ಲ ಗೆಳೆಯನ ಮನೆಯಲ್ಲಿ ಚಿತ್ರಾನ್ನ ತಿನ್ನುತ್ತಾ ಟಿವಿ ಮುಂದೆ ಕೂತಿದ್ದೆವು. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಚಾಡ್ ಪೆನ್ನಿಂಗ್ಟನ್ ದೂರದ ಅಂಚಿಗೆ ನಡೆದುಹೋದ. ರಾನಿ ಬ್ರೌನ್ ಚೆಂಡು ಪಡೆಯುವ ಜಾಗದಲ್ಲಿ ನಿಂತ. ರಿಕಿ ವಿಲಿಯಮ್ಸ್ ಪಕ್ಕದಿಂದ ಅವನ ಎದುರು ಅಡ್ಡಲಾಗಿ ಓಡಿಬಂದ. ಬ್ರೌನ್ ಚೆಂಡನ್ನು ಅವನಿಗೆ ಕೊಡಬಹುದು, ಕೊಟ್ಟಂತೆ ಮಾಡಿ ತಾನೇ ಇಟ್ಟುಕೊಳ್ಳಬಹುದು. ಇಡೀ ಪಂದ್ಯದಲ್ಲಿ ಈ ವ್ಯೂಹ ಬಳಸಿದ್ದು ಆರೇ ಆರು ಸಲ. ಅದರಿಂದ ಬಂದ ಟಚ್‌ಡೌನ್ ನಾಲ್ಕು. ಮಯಾಮಿ 38–13ರಿಂದ ಗೆದ್ದಿತು. ಕೊನೆಯಲ್ಲಿ ಆ ವರ್ಷ 11 ಪಂದ್ಯ ಗೆದ್ದು ತನ್ನ ವಿಭಾಗಕ್ಕೇ ಮೊದಲನೆಯದಾಯಿತು.

ಇಲ್ಲಿ ನನಗೆ ಇಷ್ಟವಾದ ಒಂದು ವ್ಯಂಗ್ಯವಿದೆ. ವೈಲ್ಡ್‌ಕ್ಯಾಟ್ ಹೊಸದೇ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಪ್ ವಾರ್ನರ್ ಎಂಬ ಕೋಚ್ ರೂಪಿಸಿದ ಸಿಂಗಲ್ ವಿಂಗ್ ವ್ಯೂಹದ ಮೊಮ್ಮಗು ಅದು. ಅಲ್ಲೂ ಚೆಂಡು ನೇರವಾಗಿ ಓಡುವವನ ಕೈಗೇ ಹೋಗುತ್ತಿತ್ತು. ಅಂದು ಸೋತ ಕೋಚ್ ಬಿಲ್ ಬೆಲಿಚಿಕ್ ಅಂಥಿಂಥವನಲ್ಲ. ಅವನ ಅಪ್ಪ ಸ್ಟೀವ್ ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಕೋಚ್ ಆಗಿದ್ದವನು; ಎದುರಾಳಿಯ ಆಟವನ್ನು ಹೇಗೆ ಗಮನಿಸಬೇಕು ಎಂದು 1962ರಲ್ಲಿ ಪುಸ್ತಕವನ್ನೇ ಬರೆದವನು. ಅಪ್ಪ-ಮಗ ಕೂಡಿಸಿದ ಫುಟ್‌ಬಾಲ್ ಪುಸ್ತಕಗಳ ಸಂಗ್ರಹ ಈಗ ಆ ಅಕಾಡೆಮಿಯಲ್ಲಿದೆ. ಅಷ್ಟು ಓದಿದ ಮನೆಯವನು ಅಜ್ಜನ ಕಾಲದ ವ್ಯೂಹದೆದುರು ಒಂದು ಮಧ್ಯಾಹ್ನವಿಡೀ ತಬ್ಬಿಬ್ಬಾದ. ಒಂದೇ ಮಧ್ಯಾಹ್ನ, ಅಷ್ಟೆ. ನವೆಂಬರ್ 23ರಂದು ಅದೇ ಮಯಾಮಿಯನ್ನು ಅದರ ಊರಲ್ಲೇ 48–28ರಿಂದ ಸೋಲಿಸಿದ. ನಾವು 'ಅಸಾಂಪ್ರದಾಯಿಕ' ಎಂದು ಕರೆಯುವ ಎಷ್ಟೋ ಸಂಗತಿಗಳು ಮರೆತುಹೋದ ಸಂಪ್ರದಾಯಗಳು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತಲ್ಲ.

ಈಗ ಅಂಕಣಗಳ ವಿಷಯಕ್ಕೆ ಬರುತ್ತೇನೆ. ಅವುಗಳ ಬರವಣಿಗೆಗೆ ಒಂದು ಸಿದ್ಧ ವ್ಯಾಕರಣವಿತ್ತು. ಮೊದಲು ವ್ಯೂಹದ ವರ್ಣನೆ, ಆಮೇಲೆ ಅದಕ್ಕೆ 'ಹೊಂದುವ' ಆಟಗಾರನ ಹುಡುಕಾಟ. ಯಾವ ತಂಡದಲ್ಲಿ ಕಾಲೇಜಿನಲ್ಲಿದ್ದಾಗ ಕ್ವಾರ್ಟರ್‌ಬ್ಯಾಕ್ ಆಗಿದ್ದು ಈಗ ಬೇರೆ ಕೆಲಸ ಮಾಡುವವನಿದ್ದಾನೆ? ಕ್ಲೀವ್‌ಲ್ಯಾಂಡಿನಲ್ಲಿ ಜಾಶ್ ಕ್ರಿಬ್ಸ್, ನ್ಯೂಯಾರ್ಕ್ ಜೆಟ್ಸ್‌ನಲ್ಲಿ ಬ್ರಾಡ್ ಸ್ಮಿತ್. ಅವರಿದ್ದಾರೆ, ಆದ್ದರಿಂದ ಆ ತಂಡಗಳು ಇದನ್ನು ಆಡುತ್ತವೆ. ಇದು ಪೂರ್ತಿ ಸುಳ್ಳೂ ಆಗಲಿಲ್ಲ, ಅವರಿಬ್ಬರೂ ಆಗೊಮ್ಮೆ ಈಗೊಮ್ಮೆ ಆಡಿದರು. ಆದರೆ ಈ ತರ್ಕ ಮಯಾಮಿಯನ್ನೇ ವಿವರಿಸುವುದಿಲ್ಲ. ರಾನಿ ಬ್ರೌನ್ ಆ ತಂಡಕ್ಕೆ ಬಂದದ್ದು 2005ರಲ್ಲಿ. ಮೂರು ವರ್ಷ ಅವನೂ ಅಲ್ಲೇ ಇದ್ದ, ಅವನ ಕಾಲುಗಳೂ ಇದ್ದವು. ವೈಲ್ಡ್‌ಕ್ಯಾಟ್ ಮಾತ್ರ ಇರಲಿಲ್ಲ.

2008ರಲ್ಲಿ ಬದಲಾಗಿದ್ದು ಬೇರೆ. ಡೇವಿಡ್ ಲೀ ಎಂಬ ಕ್ವಾರ್ಟರ್‌ಬ್ಯಾಕ್ ಕೋಚ್ ಆ ವರ್ಷ ಅರ್ಕನ್ಸಾ ವಿಶ್ವವಿದ್ಯಾಲಯದಿಂದ ಮಯಾಮಿಗೆ ಬಂದ. ಡ್ಯಾರೆನ್ ಮೆಕ್‌ಫ್ಯಾಡನ್‌ನಿಗೆ ನೇರವಾಗಿ ಚೆಂಡು ಕೊಟ್ಟು ಓಡಿಸುವುದನ್ನು ಅಲ್ಲಿ ಆಡಿಸಿಯೇ ಬಂದಿದ್ದ. ವ್ಯೂಹ ಪುಸ್ತಕದಿಂದ ಬರಲಿಲ್ಲ, ಒಬ್ಬ ಮನುಷ್ಯನ ಪೆಟ್ಟಿಗೆಯಲ್ಲಿ ಬಂತು. ಎರಡನೆಯದು, ಮುಖ್ಯ ಕೋಚ್ ಟೋನಿ ಸ್ಪರಾನೊಗೆ ಅದು ಮೊದಲ ವರ್ಷ. ಒಂದೇ ಪಂದ್ಯ ಗೆದ್ದಿದ್ದ ತಂಡ ಅವನ ಕೈಗೆ ಬಂದಿತ್ತು, ನಗೆಪಾಟಲಿಗೆ ಹೆದರಲು ಅಲ್ಲಿ ಮಾನವೇ ಉಳಿದಿರಲಿಲ್ಲ. ಮೂರನೆಯದನ್ನು ಯಾರೂ ಬರೆದದ್ದು ನಾನು ನೋಡಲಿಲ್ಲ: ಪೆನ್ನಿಂಗ್ಟನ್ ಅಂಚಿಗೆ ಹೋಗಲು ಒಪ್ಪಿದ. ಜೆಟ್ಸ್ ತಂಡ ಬ್ರೆಟ್ ಫಾರ್ವ್‌ನನ್ನು ಕರೆತಂದು ಇವನನ್ನು ಕೈಬಿಟ್ಟು ಎರಡು ತಿಂಗಳೂ ಆಗಿರಲಿಲ್ಲ. ಅಂಥವನಿಗೆ ಅಂಚಿಗೆ ನಿಲ್ಲು ಅನ್ನಬಹುದು. ಪೇಟನ್ ಮ್ಯಾನಿಂಗ್‌ಗೆ ಹಾಗನ್ನುವ ಕೋಚ್ ಯಾರಿದ್ದ?

ಆದ್ದರಿಂದ ಭವಿಷ್ಯ ಹೇಳಲೇಬೇಕಿದ್ದರೆ ಆಟಗಾರರ ಕಾಲಿನ ವೇಗ ನೋಡುವುದಕ್ಕಿಂತ ಯಾವ ಕಿರಿಯ ಕೋಚ್ ಎಲ್ಲಿಂದ ಎಲ್ಲಿಗೆ ಹೋದ, ಯಾವ ತಂಡ ಈಗಾಗಲೇ ಮಾನ ಕಳೆದುಕೊಂಡಿದೆ ಎಂದು ನೋಡಬೇಕು. ಹೆದರಿಕೆಯ ತೂಕ ಸಣ್ಣದಲ್ಲ. ಡೇವಿಡ್ ರೋಮರ್ ಎಂಬ ಅರ್ಥಶಾಸ್ತ್ರಜ್ಞ 2006ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ಇನ್ನೊಂದು ಕಡೆಯಿಂದ ತೋರಿಸುತ್ತದೆ. ನಾಲ್ಕನೆಯ ಪ್ರಯತ್ನದಲ್ಲಿ ಮುನ್ನುಗ್ಗಿದರೆ ಲಾಭವೆಂದು ಲೆಕ್ಕ ಹೇಳುವಾಗಲೂ ಕೋಚ್‌ಗಳು ಚೆಂಡನ್ನು ಒದ್ದು ಸುರಕ್ಷಿತವಾಗುತ್ತಾರೆ. ಎಲ್ಲರಂತೆ ಆಡಿ ಸೋತರೆ ಅದು ಸೋಲು. ಯಾರೂ ಆಡದ ಹಾಗೆ ಆಡಿ ಸೋತರೆ ಅದು ಹುಚ್ಚು. ಕೆಲಸ ಹೋಗುವುದು ಹುಚ್ಚಿಗೆ.

ಹಾಗಾದರೆ ಹೊಸ ವ್ಯೂಹ ಎಂದೂ ಎಲ್ಲರದಾಗುವುದಿಲ್ಲವೇ? ಆಗುತ್ತದೆ. 1940ರ ಡಿಸೆಂಬರ್ 8ರಂದು ಶಿಕಾಗೊ ಬೇರ್ಸ್ ತಂಡ ಟಿ ವ್ಯೂಹ ಹಿಡಿದು ವಾಷಿಂಗ್ಟನ್ ತಂಡವನ್ನು ಫೈನಲಿನಲ್ಲಿ 73–0ರಿಂದ ಸೋಲಿಸಿತು. ಮೂರು ವಾರ ಹಿಂದೆ ಅದೇ ವಾಷಿಂಗ್ಟನ್‌ಗೆ 7–3ರಿಂದ ಸೋತಿತ್ತು. ಆ ದಿನದ ನಂತರ ಒಂದೊಂದೇ ತಂಡ ಸಿಂಗಲ್ ವಿಂಗ್ ಬಿಟ್ಟು ಟಿಗೆ ಬಂತು. ಕೊನೆಗೆ ಉಳಿದದ್ದು ಪಿಟ್ಸ್‌ಬರ್ಗ್, 1950ರ ದಶಕದ ಆರಂಭದಲ್ಲಿ ಅದೂ ಬಿಟ್ಟಿತು. ಟಿ ವ್ಯೂಹ ಆರು ಸಲದ ಚಮತ್ಕಾರ ಆಗಿರಲಿಲ್ಲ. ಯಾರು ಯೋಚಿಸಬೇಕು, ಯಾರು ಓಡಬೇಕು ಎಂಬ ಕೆಲಸದ ಹಂಚಿಕೆಯನ್ನೇ ಅದು ಬದಲಿಸಿತು. ಇವತ್ತು ನಮಗೆ ಗೊತ್ತಿರುವ ಕ್ವಾರ್ಟರ್‌ಬ್ಯಾಕ್ ಹುಟ್ಟಿದ್ದು ಅಲ್ಲಿಂದ.

ನನ್ನ ಪಟ್ಟಿಯಲ್ಲಿ ನಗು ನಿಂತದ್ದು ಈ ಹಂಚಿಕೆಯ ಹತ್ತಿರವೇ. ನಾನು 'ಹೊಂದುತ್ತಾನೆ' ಎಂದು ಬರೆದ ಒಂಬತ್ತು ಹೆಸರುಗಳಲ್ಲಿ ಎಂಟು ಕಪ್ಪು ಆಟಗಾರರದ್ದು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಸಹಜ ಓಟ', 'ಮೈಬಲ', 'ಚುರುಕು ಕಾಲು' ಎಂದಿದೆ. 'ಬೇಕಾಗಿಲ್ಲ' ಎಂಬ ಅಂಕಣದ ಹೆಸರುಗಳ ಪಕ್ಕದಲ್ಲಿ 'ನಾಯಕ', 'ಆಟ ಓದುತ್ತಾನೆ'. ಈ ಮಾತುಗಳು ನನ್ನವಲ್ಲ, ಓದಿದ ಅಂಕಣಗಳಿಂದ ಎತ್ತಿಕೊಂಡವು. ಎತ್ತಿಕೊಳ್ಳುವಾಗ ಕೈ ನಡುಗಲಿಲ್ಲ ಎಂಬುದೇ ಈಗ ನಾಚಿಕೆ. ತಲೆಯ ಕೆಲಸ ಒಬ್ಬರಿಗೆ, ಮೈಯ ಕೆಲಸ ಇನ್ನೊಬ್ಬರಿಗೆ ಎಂದು ಹುಟ್ಟಿನಿಂದಲೇ ಹಂಚಿಟ್ಟ ಊರಿನಿಂದ ಬಂದವನಿಗೆ ಆ ಭಾಷೆ ಕೇಳಿದ ಕೂಡಲೇ ಗುರುತು ಹತ್ತಬೇಕಿತ್ತು.

ಈ ಭಾಷೆಗೆ ಇತಿಹಾಸವೂ ಇದೆ. ವಾರೆನ್ ಮೂನ್ 1978ರಲ್ಲಿ ಕಾಲೇಜು ಮುಗಿಸಿದಾಗ ಅವನನ್ನು ಬೇರೆ ಜಾಗದಲ್ಲಿ ಆಡಿಸಬೇಕು ಅಂದರೇ ಹೊರತು ಕ್ವಾರ್ಟರ್‌ಬ್ಯಾಕ್ ಆಗಿ ಯಾವ ತಂಡವೂ ಆರಿಸಲಿಲ್ಲ. ಅವನು ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದೊಂದಿಗೆ ಸತತ ಐದು ಸಲ ಗ್ರೇ ಕಪ್ ಗೆದ್ದು, 1984ರಲ್ಲಿ ಹ್ಯೂಸ್ಟನ್‌ಗೆ ಬಂದ. 2009ಕ್ಕೆ ಮರಳಿದರೆ, ಜೈಲಿನಿಂದ ಹೊರಬಂದ ಮೈಕಲ್ ವಿಕ್ ಫಿಲಡೆಲ್ಫಿಯಾ ಸೇರಿದಾಗ ನಾನೂ 'ವೈಲ್ಡ್‌ಕ್ಯಾಟ್‌ಗೆ' ಎಂದು ಬರೆದೆ. ಮರುವರ್ಷ ಅವನು ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಮಿಂಚಿದ. ಪ್ಯಾಟ್ ವೈಟ್‌ನ ಕತೆ ಇನ್ನೂ ಕಹಿ. ವ್ಯೂಹಕ್ಕೆಂದೇ ಹುಟ್ಟಿದವನೆಂದು ಮಯಾಮಿ ಅವನನ್ನು ಎರಡನೆಯ ಸುತ್ತಿನಲ್ಲಿ ಆರಿಸಿತು. ಆ ಋತುವಿನಲ್ಲಿ ಅವನು ಎಸೆದ ಐದು ಪಾಸ್‌ಗಳಲ್ಲಿ ಒಂದೂ ಗುರಿ ಮುಟ್ಟಲಿಲ್ಲ. ಮುಂದಿನ ಋತುವಿಗೆ ಮುನ್ನವೇ ಅವನನ್ನು ಕೈಬಿಟ್ಟರು. ಅವನ ಕೈಗೆ ಒಂದು ಪೂರ್ತಿ ಪಂದ್ಯ ಕೊಟ್ಟು ನೋಡಿದವರಿಲ್ಲ.

ನ್ಯಾಯಕ್ಕಾಗಿ ಹೇಳಬೇಕು, ನನ್ನ ಒಂಬತ್ತನೆಯ ಹೆಸರು ಜೂಲಿಯನ್ ಎಡೆಲ್‌ಮನ್, ಬಿಳಿಯ. 2012ರಲ್ಲಿ ಜೆಟ್ಸ್ ಕರೆತಂದ ಟಿಮ್ ಟೀಬೋ ಕೂಡ ಬಿಳಿಯ. ಅಲ್ಲಿ ಆಕ್ರಮಣ ವಿಭಾಗದ ಹೊಣೆಗೆ ಬಂದಿದ್ದವನು ಸಾಕ್ಷಾತ್ ಸ್ಪರಾನೊ. ಇನ್ನೇನು ಬೇಕು ಎಂದು ಎಲ್ಲರೂ ಅಂದುಕೊಂಡೆವು. ನನ್ನ ಪೆಟ್ಟಿಗೆಯ ಸಿದ್ಧಾಂತದ ಪ್ರಕಾರವೂ ಅದು ಆಗಲೇಬೇಕಿತ್ತು. ಇಡೀ ವರ್ಷ ಟೀಬೋ ಎಸೆದದ್ದು ಎಂಟು ಪಾಸ್. ಎಲ್ಲರೂ ಕಾಯುತ್ತಿರುವ ಅಚ್ಚರಿ ಅಚ್ಚರಿಯಲ್ಲ. ಅಂಕಣಕಾರ ಬರೆದ ಭವಿಷ್ಯವನ್ನು ಎದುರಾಳಿ ಕೋಚ್ ಕೂಡ ಓದುತ್ತಾನೆ.

2018ರಲ್ಲಿ ಲಾಮಾರ್ ಜಾಕ್ಸನ್‌ಗೂ ಇದೇ ಮಾತು ಕಾದಿತ್ತು. ಹಲವು ತಂಡಗಳನ್ನು ಕಟ್ಟಿದ ಹಿರಿಯ ಬಿಲ್ ಪೋಲಿಯನ್ ಬಹಿರಂಗವಾಗಿಯೇ ಹೇಳಿದ್ದ, ಈ ಹುಡುಗ ಪಾಸ್ ಹಿಡಿಯುವ ಜಾಗಕ್ಕೆ ಹೋಗಲಿ ಎಂದು. ಆಮೇಲೆ ತನ್ನದು ತಪ್ಪೆಂದು ಒಪ್ಪಿಕೊಂಡ ಅನ್ನುವುದನ್ನೂ ಸೇರಿಸಬೇಕು. ಮೊದಲ ಸುತ್ತಿನ ಕಟ್ಟಕಡೆಯ 32ನೆಯ ಆಯ್ಕೆಯಾಗಿ ಬಾಲ್ಟಿಮೋರ್ ಅವನನ್ನು ತೆಗೆದುಕೊಂಡಿತು. 2019ರಲ್ಲಿ ಅವನು ಓಡಿದ್ದು 1,206 ಗಜ, ಕ್ವಾರ್ಟರ್‌ಬ್ಯಾಕ್ ಒಬ್ಬನಿಗೆ ಅದು ಆಗ ದಾಖಲೆ. ಟಚ್‌ಡೌನ್‌ಗೆ ಎಸೆದದ್ದು 36, ಆ ವರ್ಷ ಲೀಗಿನಲ್ಲೇ ಹೆಚ್ಚು. ಶ್ರೇಷ್ಠ ಆಟಗಾರನ ಪ್ರಶಸ್ತಿಗೆ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ. ಆಕ್ರಮಣವನ್ನು ರೂಪಿಸಿದವನು ಗ್ರೆಗ್ ರೋಮನ್, 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾಲಿನ್ ಕೆಪರ್ನಿಕ್‌ನನ್ನು ಓಡಿಸಿದವನು. ಅದೇ ಪೆಟ್ಟಿಗೆಯ ಕತೆ. ವೈಲ್ಡ್‌ಕ್ಯಾಟ್‌ನ ಲೆಕ್ಕವೂ ಅಲ್ಲಿತ್ತು, ಓಡುವವನ ಕೈಗೇ ಚೆಂಡು, ಒಬ್ಬನೂ ಸುಮ್ಮನೆ ನಿಲ್ಲುವಂತಿಲ್ಲ. ಆದರೆ ಯಾರನ್ನೂ ಅಂಚಿಗೆ ಕಳಿಸಿರಲಿಲ್ಲ. ಓಡುವವನೂ ಯೋಚಿಸುವವನೂ ಒಬ್ಬನೇ ಆಗಿದ್ದ.

ನಮ್ಮ ಐದೈದು ಡಾಲರ್‌ಗಳನ್ನು ಯಾರೂ ಗೆಲ್ಲಲಿಲ್ಲ, ಡಿಸೆಂಬರಿನಲ್ಲಿ ಎಲ್ಲರೂ ಪಿಜ್ಜಾ ತಿಂದೆವು. ನೋಟ್‌ಪುಸ್ತಕದಲ್ಲಿ ಬಾಲ್ಟಿಮೋರ್‌ನ ಸಾಲು ಮೂರನೆಯದು. ಅದರ ಎದುರು 'ಫ್ಲಾಕೊ ಇದ್ದಾನೆ, ಇವರಿಗೆ ಇದರ ಗೊಡವೆ ಬೇಡ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ.