ಅಪ್ಪಣೆ ಚೀಟಿಯಲ್ಲಿ ಕರ್ತೃಪದ ಎಲ್ಲಿದೆ?

2020ರ ಜನವರಿ 10ರಂದು ಶೃಂಗೇರಿಯಲ್ಲಿ ಚಿಕ್ಕಮಗಳೂರು ಜಿಲ್ಲಾ ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾಯಿತು. ಎರಡು ದಿನದ ಸಮ್ಮೇಳನ ಅದು. ಒಂದೇ ದಿನಕ್ಕೆ ಮುಗಿಯಿತು. ಕುದುರೆಮುಖ ಭಾಗದ ಪರಿಸರ ಹೋರಾಟಗಳಲ್ಲಿ, ಕಾಡಂಚಿನ ಜನರನ್ನು ಒಕ್ಕಲೆಬ್ಬಿಸುವುದರ ವಿರುದ್ಧದ ಚಳವಳಿಗಳಲ್ಲಿ ಇದ್ದ ಕಲ್ಕುಳಿ ವಿಠಲ ಹೆಗ್ಡೆಯವರನ್ನು ಸಮ್ಮೇಳನಾಧ್ಯಕ್ಷರನ್ನಾಗಿ ಆರಿಸಿದ್ದೇ ದೊಡ್ಡ ಅಪರಾಧವಾಯಿತು. ನಕ್ಸಲರ ಪರ ಇರುವವರು ಎಂಬ ಹಣೆಪಟ್ಟಿ ಅಂಟಿಸಿದರು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಸಿ.ಟಿ. ರವಿ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಸರ್ಕಾರದ ಅನುದಾನ ಬರಲಿಲ್ಲ. ಪರಿಷತ್ತಿನ ರಾಜ್ಯಾಧ್ಯಕ್ಷರೇ ಮುಂದೂಡಿ ಅಂದರು. ಜಿಲ್ಲೆಯವರು ಜಗ್ಗಲಿಲ್ಲ, ಜನರ ಕಾಸಿನಲ್ಲಿ ಮೊದಲ ದಿನ ನಡೆಸಿದರು. ಎರಡನೇ ದಿನಕ್ಕೆ ಪೊಲೀಸರ ಅಪ್ಪಣೆ ಸಿಗಲಿಲ್ಲ. ಅಲ್ಲಿಗೆ ಕತೆ ಮುಗಿಯಿತು.

ಈ ಪ್ರಸಂಗವನ್ನು ಅಂದು ಎಲ್ಲರೂ ರಾಜಕೀಯದ ಜಗಳ ಅಂತ ಓದಿದರು. ನಾನು ಅದನ್ನು ಅಪ್ಪಣೆಯ ಜಗಳ ಅಂತ ಓದುತ್ತೇನೆ. ಯಾಕೆಂದರೆ ಕನ್ನಡ ಸಾಹಿತ್ಯ ಪರಿಷತ್ತು ಕೇರಿಯ ಹುಡುಗರು ಕಟ್ಟಿದ ಸಂಘವಲ್ಲ. 1915ರಲ್ಲಿ ಅರಸರ ಆಶ್ರಯದಲ್ಲಿ ಹುಟ್ಟಿದ್ದು. ಅದೇ 1915ರಲ್ಲಿ, ಯುವರಾಜರು ಬಂದುಹೋದ ನೆನಪಿಗೆ ಎಡೇಹಳ್ಳಿ ಎಂಬ ಊರು ನರಸಿಂಹರಾಜಪುರವಾಯಿತು. ಅರಸು ಮನೆತನ ಊರಿನ ಹೆಸರನ್ನೇ ಬದಲಾಯಿಸಿಬಿಡಬಹುದು. ಸಾಮಾನ್ಯರು ಒಂದು ಮೈಕು ಕಟ್ಟಲು ಕೈಮುಗಿದು ನಿಲ್ಲಬೇಕು. ಅಷ್ಟು ದೊಡ್ಡ ಪರಿಷತ್ತಿನ ಜಿಲ್ಲಾ ಸಮ್ಮೇಳನಕ್ಕೇ ಈ ಗತಿಯಾದರೆ, ಕೊಪ್ಪದ ಕಾಫಿ ತೋಟದ ಲೈನುಗಳಲ್ಲಿ ಇರುವವರು, ಭದ್ರೆಯ ದಂಡೆಯ ಕೇರಿಯವರು ತಮ್ಮ ಸಭೆಗೆ, ತಮ್ಮ ನಾಟಕಕ್ಕೆ ಅಪ್ಪಣೆ ಕೇಳಲು ಹೋದಾಗ ಏನಾದೀತು? ಆ ಸುದ್ದಿ ಯಾವ ಪೇಪರಿನಲ್ಲೂ ಬರುವುದಿಲ್ಲ.

ಇದು ಹೊಸದಲ್ಲ ಗೆಳೆಯರೇ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಳದವರು ಬಾಬಾಸಾಹೇಬರನ್ನು ಅಧ್ಯಕ್ಷರಾಗಿ ಕರೆದರು. ಭಾಷಣದ ಪ್ರತಿ ಓದಿ ಬೆದರಿ ಸಮ್ಮೇಳನವನ್ನೇ ರದ್ದು ಮಾಡಿದರು. ಬಾಬಾಸಾಹೇಬರು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಜಾತಿ ವಿನಾಶದ ಆ ಪುಸ್ತಕ ಇವತ್ತು ಹಳ್ಳಿಹಳ್ಳಿಯಲ್ಲಿದೆ, ಮಂಡಳ ಎಲ್ಲಿದೆಯೋ ಯಾರಿಗೂ ಬೇಕಿಲ್ಲ. ಧರ್ಮಸ್ಥಳದ ಅಖಿಲ ಭಾರತ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂತ ಚೆನ್ನಣ್ಣ ವಾಲೀಕಾರರು ಕೇಳಿದರು. ಪರಿಷತ್ತು ಕೊಡಲಿಲ್ಲ. 1979ರ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅಂದರೆ ನಮ್ಮ ಚಳವಳಿ ಹುಟ್ಟಿದ್ದೇ ವೇದಿಕೆಯ ಅಪ್ಪಣೆ ಸಿಗದೆ ಹೋದದ್ದರಿಂದ. ಅಂದು ವೇದಿಕೆ ಕೊಡದ ಪರಿಷತ್ತಿನ ಜಿಲ್ಲಾ ಘಟಕಕ್ಕೇ 2020ರಲ್ಲಿ ಶೃಂಗೇರಿಯಲ್ಲಿ ವೇದಿಕೆ ಇಲ್ಲದಂತಾಯಿತು. ಇದನ್ನು ನೋಡಿ ನಗುವುದಲ್ಲ, ಪಾಠ ಕಲಿಯುವುದು.

ಈಗ ಆ ಅಪ್ಪಣೆ ಚೀಟಿಯನ್ನೇ ಕೈಗೆ ತೆಗೆದುಕೊಳ್ಳೋಣ. ನಮ್ಮ ವಿಮರ್ಶಕರು ಕವಿತೆಯ ಒಂದೊಂದು ಪದ ಹಿಡಿದು ಪುಟಗಟ್ಟಲೆ ಬರೆಯುತ್ತಾರೆ. ಬಡವನ ಬದುಕನ್ನು ಆಳುವ ಈ ಗದ್ಯವನ್ನು ಯಾರೂ ಓದುವುದಿಲ್ಲ. 'ಶಾಂತಿ ಸುವ್ಯವಸ್ಥೆಯ ಹಿತದೃಷ್ಟಿಯಿಂದ ಅನುಮತಿಯನ್ನು ನಿರಾಕರಿಸಲಾಗಿದೆ.' ಕಛೇರಿಗಳ ವಾಕ್ಯದ ಧಾಟಿ ಇದು. ಮೇಷ್ಟ್ರುಗಳೇ, ನಿಮ್ಮ ಮಕ್ಕಳಿಗೆ ಈ ವಾಕ್ಯ ಕೊಟ್ಟು ಕರ್ತೃಪದ ಗುರುತಿಸಿ ಅನ್ನಿ. ಸಿಗುವುದಿಲ್ಲ. ನಿರಾಕರಿಸಿದವರು ಯಾರು? ಯಾವ ದೂರಿನ ಮೇಲೆ? ಶಾಂತಿ ಕದಡುತ್ತೇನೆ ಅಂದವರು ಯಾರು, ಸಭೆ ಕರೆದವರೋ, ಸಭೆಗೆ ಕಲ್ಲು ಹೊಡೆಯುತ್ತೇವೆ ಅಂದವರೋ? ಒಂದಕ್ಕೂ ಉತ್ತರವಿಲ್ಲ. ಕರ್ತೃವನ್ನು ಬಚ್ಚಿಟ್ಟ ವ್ಯಾಕರಣ ಇದು. ಕೊಟ್ಟರೂ ಅಷ್ಟೆ, ಹಿಂದೆಯೇ ಮುಚ್ಚಳಿಕೆ ಬರುತ್ತದೆ. ಏನಾದರೂ ಆದರೆ ನಾನೇ ಹೊಣೆ ಅಂತ ಅರ್ಜಿದಾರ ಬರೆದುಕೊಡಬೇಕು. ಅಲ್ಲಿ ಮಾತ್ರ ಕರ್ತೃಪದ ಸ್ಪಷ್ಟವಾಗಿದೆ: 'ನಾನು'. ಹೆಸರು, ತಂದೆಯ ಹೆಸರು, ಊರು, ಹೆಬ್ಬೆಟ್ಟು, ಎಲ್ಲಾ ಇದೆ.

ಮಲೆನಾಡಿನಲ್ಲಿ ಅಪ್ಪಣೆ ಅನ್ನೋ ಮಾತಿಗೆ ಹಳೆಯ ಭಾರವಿದೆ. ದೇವರ ಅಪ್ಪಣೆ, ಒಡೆಯರ ಅಪ್ಪಣೆ. ಎರಡಕ್ಕೂ ಕಾರಣ ಕೇಳುವಂತಿಲ್ಲ. ಆ ಮಾತು ಕಛೇರಿಗೆ ಹೋಗಿ ಅನುಮತಿ ಆಯಿತು, ಪರವಾನಗಿ ಆಯಿತು, ಲೈಸೆನ್ಸ್ ಆಯಿತು. ಹೆಸರು ಬದಲಾಯಿತೇ ಹೊರತು ಕೊಡುವವನ ಗತ್ತು, ಕೇಳುವವನ ಬಗ್ಗಿದ ಬೆನ್ನು ಹಾಗೇ ಉಳಿಯಿತು. ನಾಟಕಗಳಿಗೆ ಹೆದರಿ ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದರು. ಅವರು ಹೋದ ಮೇಲೂ ಅದು ಪುಸ್ತಕದಲ್ಲಿತ್ತು, ರದ್ದಾದದ್ದು 2018ರಲ್ಲಿ. ನಮ್ಮದೇ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಸೆಕ್ಷನ್ನು ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ನಿಯಮ ಮಾಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ, ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಸಿನಿಮಾಕ್ಕೆ 1964ರ ಇನ್ನೊಂದು ಕಾಯ್ದೆ. ಹಾಗಾದರೆ ಜನ ಓಟು ಹಾಕಿ ಆರಿಸಿದ ಪಂಚಾಯ್ತಿಗೆ ಉಳಿದದ್ದೇನು? ಮೈದಾನದ ಬಾಡಿಗೆ ವಸೂಲಿ, ಮನರಂಜನೆಯ ಮೇಲಿನ ತೆರಿಗೆ. 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆಯನ್ನು ಮಾತ್ರ ಅವುಗಳಿಗೇ ಬಿಟ್ಟರು. ಕಾಸು ಎತ್ತುವ ಕೆಲಸ ಪಂಚಾಯ್ತಿಗೆ, ಹೌದು-ಅಲ್ಲ ಅನ್ನುವ ಕೆಲಸ ಠಾಣೆಗೆ!

ಕೇಳುವವನ ಪಾಡು ನೋಡಿ. ಮೈದಾನಕ್ಕೆ ಪಂಚಾಯ್ತಿ, ಮೈಕಿಗೆ ಠಾಣೆ, ಕರೆಂಟಿಗೆ ಮೆಸ್ಕಾಂ, ಮೆರವಣಿಗೆ ಇದ್ದರೆ ಮತ್ತೆ ಠಾಣೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಅಂತಾರೆ. ಅಡಕೆ ಸುಲಿಯುವ ಹೆಂಗಸಿಗೆ, ತೋಟದ ಕೂಲಿಯವನಿಗೆ 'ನಾಳೆ ಬನ್ನಿ' ಅಂದರೆ ಒಂದು ದಿನದ ಕೂಲಿ ಹೋಯಿತು ಅಂತ ಅರ್ಥ. ಅಪ್ಪಣೆಗೆ ಫೀಜು ಎಷ್ಟೇ ಕಡಿಮೆ ಇರಲಿ, ಅದರ ನಿಜವಾದ ಬೆಲೆಯನ್ನು ಕಳೆದುಹೋದ ಕೂಲಿಯಲ್ಲಿ ಲೆಕ್ಕ ಹಾಕಬೇಕು. ತೋಟದ ಲೈನಿನಲ್ಲಿ ಇರುವವನಿಗೆ ಸೂರೂ ತನ್ನದಲ್ಲ, ಅಂಗಳವೂ ತನ್ನದಲ್ಲ. ಸಾಹುಕಾರರ ಜಾಗದಲ್ಲಿ ಅಂಬೇಡ್ಕರ್ ಜಯಂತಿ ಮಾಡಲು ಮೊದಲ ಅಪ್ಪಣೆ ಸಾಹುಕಾರರದೇ. ಅದಕ್ಕೆ ಅರ್ಜಿಯೂ ಇಲ್ಲ, ಹಿಂಬರಹವೂ ಇಲ್ಲ.

ಇನ್ನು ಅಪ್ಪಣೆ ಕೇಳದೇ ನಡೆಯುವವೂ ಇವೆ. ಸಂಪ್ರದಾಯ ಅಂದರೆ ಸಾಕು, ಬಾಗಿಲು ತಾನಾಗಿ ತೆರೆಯುತ್ತದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಎಷ್ಟು ಕಾಲ ನಡೆಯಿತು! ಹೆಣ್ಣುಮಕ್ಕಳ ಮಾನ ಬೀದಿಗೆ ಬಂದರೂ ಅದು ಶಾಂತಿ ಸುವ್ಯವಸ್ಥೆಯ ಪ್ರಶ್ನೆಯಾಗಿ ಕಾಣಲಿಲ್ಲ. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು, ಪ್ರಗತಿಪರರು ತಡೆಯಲು ಹೋದರು. ಹೋರಾಟಗಾರರನ್ನೂ ಪೊಲೀಸರನ್ನೂ ಹಿಡಿದು ಬೆತ್ತಲೆ ಮಾಡಿದರು. ಆಮೇಲಷ್ಟೇ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಪದ್ಧತಿಯ ತಕ್ಕಡಿ ಹೀಗಿದೆ: ಆಚಾರವಾದರೆ ಅದು ಜನರ ನಂಬಿಕೆ, ವಿಚಾರವಾದರೆ ಅದು ಕಾನೂನಿನ ಸಮಸ್ಯೆ.

ಕುವೆಂಪು ಹುಟ್ಟಿದ್ದು 1904ರಲ್ಲಿ, ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ 'ಜಲಗಾರ' ನಾಟಕದಲ್ಲಿ ಊರಿನವರೆಲ್ಲ ಶಿವನ ಗುಡಿಗೆ ಹೊರಟಿದ್ದಾರೆ, ಬೀದಿ ಗುಡಿಸುವವನಿಗೆ ಒಳಗೆ ಜಾಗವಿಲ್ಲ. ಕೊನೆಗೆ ಶಿವನೇ ಜಲಗಾರನ ವೇಷದಲ್ಲಿ ಅವನ ಬಳಿಗೆ ಬರುತ್ತಾನೆ. ಇದನ್ನು ಭಕ್ತಿಯ ಉದಾತ್ತ ಕತೆಯಾಗಿ ಪಾಠ ಮಾಡಿದ್ದು ಸಾಕು. ಈ ಮೂರೂ ಊರಿನಲ್ಲಿ ದೊಡ್ಡ ಕಾರ್ಯಕ್ರಮ ಮುಗಿದ ಮಾರನೇ ಬೆಳಿಗ್ಗೆ ಮೈದಾನಕ್ಕೆ ಹೋಗಿ ನೋಡಿ. ಬಾಳೆಲೆ, ಪ್ಲಾಸ್ಟಿಕ್ ಲೋಟ, ಹರಿದ ಬ್ಯಾನರು. ಗುಡಿಸುತ್ತಿರುವವರು ಯಾರು? 'ಸ್ಥಳವನ್ನು ಸ್ವಚ್ಛಗೊಳಿಸತಕ್ಕದ್ದು' ಎಂಬ ಷರತ್ತಿನ ಹಿಂದೆ ಯಾರ ಕೈಯಿದೆ? ಅಲ್ಲೂ ಕರ್ತೃಪದ ಇಲ್ಲ. ಅದೇ ಪೌರಕಾರ್ಮಿಕ ತನ್ನ ಮಗನ ನಾಟಕಕ್ಕೆ ಅದೇ ಮೈದಾನ ಕೇಳಲಿ, ಆಗ ಶಿವ ಬರುತ್ತಾನೋ, ಹಿಂಬರಹ ಬರುತ್ತದೋ ನೋಡೋಣ. ಕುವೆಂಪು ಶಿವನನ್ನು ಬೀದಿಗೆ ಇಳಿಸಿದರು. ಜಲಗಾರನನ್ನು ಪಂಚಾಯ್ತಿಯ ಸಭೆಗೆ ಹತ್ತಿಸುವ ಕೆಲಸ ನಮ್ಮದು.

ಹಾಗಾದರೆ ಲೈಸೆನ್ಸೇ ಬೇಡವೋ ಅಂತ ಯಾರಾದರೂ ಕೇಳಬಹುದು. ಬೇಡ ಅನ್ನುವಷ್ಟು ಹುಡುಗಾಟಿಕೆ ನಮಗಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮದ ನೂಕುನುಗ್ಗಲಿಗೆ 11 ಜನ ಬಲಿಯಾದರು. ಎಷ್ಟು ಬಾಗಿಲು, ಎಷ್ಟು ನೀರು, ಬೆಂಕಿ ಬಿದ್ದರೆ ಹೋಗುವ ದಾರಿ ಯಾವುದು, ಇವನ್ನು ಕೇಳಲೇಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅನ್ನುವ 2000ನೇ ಇಸವಿಯ ನಿಯಮವೂ ಸರಿಯೇ. ಕೇರಿಯಲ್ಲೂ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಡೇರೆಯ ಬಾಗಿಲು ಎಣಿಸಿ, ಬೇಡ ಅಂದವರು ಯಾರು? ಆದರೆ ಭಾಷಣಕಾರನ ತಲೆಯೊಳಗೆ ಏನಿದೆ ಅಂತ ಎಣಿಸಬೇಡಿ. ಜೀವ ಉಳಿಸುವ ಷರತ್ತು ಬೇರೆ, ಬಾಯಿ ಮುಚ್ಚಿಸುವ ಷರತ್ತು ಬೇರೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಒಂದೇ ಸೀಲು ಒತ್ತುವುದೇ ಈ ವ್ಯವಸ್ಥೆಯ ಹಿಕ್ಮತ್ತು.

ಈಗ ನಮ್ಮವರ ಮುಖಕ್ಕೂ ಒಂದು ಮಾತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ ಜಾಗಗಳಲ್ಲಿ ಖಾಸಗಿ ಸಂಘಟನೆಗಳು ಕಾರ್ಯಕ್ರಮ ಮಾಡಲು ಮೊದಲೇ ಅನುಮತಿ ಪಡೆಯಬೇಕು, ಹತ್ತು ಜನರನ್ನು ಮೀರಿದರೆ ಅನುಮತಿ ಬೇಕೇ ಬೇಕು. ಆರೆಸ್ಸೆಸ್ಸಿನ ಶಾಖೆಗಳಿಗೆ ಮೂಗುದಾರ ಅಂತ ನಮ್ಮಲ್ಲಿ ಎಷ್ಟೋ ಜನ ಚಪ್ಪಾಳೆ ತಟ್ಟಿದರು. ಅದೇ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಮಧ್ಯಂತರ ತಡೆ ಕೊಟ್ಟಿತು. ತಡೆ ಬಂದಾಗ ಬೇಜಾರು ಮಾಡಿಕೊಂಡ ಗೆಳೆಯರನ್ನು ಕೇಳುತ್ತೇನೆ: ನಮ್ಮ ಸಭೆಗಳು ಎಲ್ಲಿ ನಡೆದವು? ಸರ್ಕಾರಿ ಶಾಲೆಯ ಜಗಲಿಯಲ್ಲಿ, ಹಾಸ್ಟೆಲ್ಲಿನ ಅಂಗಳದಲ್ಲಿ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ. ಅವರಿಗೆ ಮಠವಿದೆ, ಕಲ್ಯಾಣ ಮಂಟಪವಿದೆ, ತೋಟವಿದೆ. ಸರ್ಕಾರಿ ಜಾಗ ಬಿಟ್ಟರೆ ನಮಗೆ ಏನಿದೆ? ಹತ್ತು ಜನರ ಲೆಕ್ಕ ಅವರಿಗೆ ತೊಡಕು, ನಮಗೆ ಉರುಳು.

ನ್ಯಾಯದ ದಾರಿ ಇದಕ್ಕಿಂತ ಸ್ಪಷ್ಟವಾಗಿದೆ. 1972ರಲ್ಲಿ ಅಹಮದಾಬಾದಿನ ಹಿಮತ್ ಲಾಲ್ ಷಾ ಎಂಬವರ ಪ್ರಕರಣದಲ್ಲಿ, ಕಾರಣದ ಲಂಗುಲಗಾಮಿಲ್ಲದೆ ಸಭೆ ನಿರಾಕರಿಸುವ ಅಧಿಕಾರ ಪೊಲೀಸರಿಗೆ ಕೊಟ್ಟ ನಿಯಮವನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅದು ವಿದ್ಯಾರ್ಥಿ ಮುಷ್ಕರದ ಸಭೆ. 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ, ಗಲಾಟೆ ಮಾಡುತ್ತೇವೆ ಅನ್ನುವವರ ಬೆದರಿಕೆಗೆ ಬಗ್ಗಿ ಮಾತಿನ ಸ್ವಾತಂತ್ರ್ಯ ಕಸಿಯಕೂಡದು ಅಂತ ತೀರ್ಪು ಬಂತು. ಆ ತಮಿಳು ಚಿತ್ರ ಮೀಸಲಾತಿಯನ್ನು ಟೀಕಿಸುವ ಚಿತ್ರ! ಅದರ ನಿಲುವು ನನಗೆ ಒಪ್ಪಿಗೆಯಿಲ್ಲ. ಆದರೂ ಆ ತೀರ್ಪು ಬೇಕು, ಶೃಂಗೇರಿಯಲ್ಲಿ ಬೇಕಾಗಿದ್ದದ್ದೂ ಅದೇ. ವಿರೋಧಿಯ ಬಾಯಿಗೆ ಬೀಗ ಹಾಕುವ ಕೀಲಿಯನ್ನು ಸಾಹೇಬರ ಕೈಗೆ ಕೊಟ್ಟರೆ, ನಾಳೆ ಆ ಕೀಲಿ ಯಾರ ಬೀಗಕ್ಕೆ ಹೊರಳುತ್ತದೆ ಅಂತ ಹೇಳಬೇಕೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕು ಶೃಂಗೇರಿ ಎಂಬ ಒಂದೇ ವಿಧಾನಸಭಾ ಕ್ಷೇತ್ರದಲ್ಲಿವೆ. ಮೂರಕ್ಕೂ ಪಟ್ಟಣ ಪಂಚಾಯ್ತಿ ಇದೆ, ಸುತ್ತ ಗ್ರಾಮ ಪಂಚಾಯ್ತಿಗಳಿವೆ. ಅಲ್ಲಿ ಮೀಸಲಾತಿಯಿಂದ ನಮ್ಮ ಸದಸ್ಯರು ಗೆದ್ದು ಕೂತಿದ್ದಾರೆ. ಕೂತವರು ಮಾತಾಡಬೇಕು. ಯಾರಿಗೆ ಯಾವ ಮೈದಾನ ಕೊಟ್ಟರು, ಯಾರಿಗೆ ಇಲ್ಲ ಅಂದರು, ಯಾಕೆ, ಈ ಪಟ್ಟಿ ನೋಟೀಸ್ ಬೋರ್ಡಿಗೆ ಬರಲಿ. ನಿರಾಕರಣೆಯ ಪ್ರಶ್ನೆ ಬಂದರೆ ಅದು ತುಂಬಿದ ಸಭೆಯಲ್ಲಿ ಚರ್ಚೆಯಾಗಲಿ, ಕಾರಣ ಬರವಣಿಗೆಯಲ್ಲಿ ಇರಲಿ, ಕೆಳಗೆ ಹೆಸರಿರಲಿ. ಶಾಂತಿಯುತ ಸಭೆಯ ಅನುಮತಿ, ಧ್ವನಿವರ್ಧಕದ ಅನುಮತಿ ಪೊಲೀಸ್ ಇಲಾಖೆಯ ಸಕಾಲ ಸೇವೆಗಳ ಪಟ್ಟಿಯಲ್ಲೇ ಇವೆ. ಅರ್ಜಿ ಕೊಟ್ಟ ರಸೀದಿ ಇಸ್ಕೊಳ್ಳಿ, ಗಡುವು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ, ಹತ್ತು ರೂಪಾಯಿ ಸಾಕು. ವಿದ್ಯಾರ್ಥಿ ಗೆಳೆಯರು ಈ ಅರ್ಜಿಗಳನ್ನು ಬರೆದುಕೊಡಲಿ, ಮೇಷ್ಟ್ರುಗಳು ಗ್ರಾಮಸಭೆಯಲ್ಲಿ ಓದಿ ಹೇಳಲಿ.

ದೀಪಾವಳಿಯಲ್ಲಿ ಮಲೆನಾಡಿನ ಜನ ಅಂಟಿಗೆ-ಪಂಟಿಗೆಯ ದೀಪ ಹಿಡಿದು, ಹಾಡುತ್ತಾ ಮನೆಯಿಂದ ಮನೆಗೆ ಕತ್ತಲಲ್ಲಿ ನಡೆಯುತ್ತಾರೆ. ವೇದಿಕೆ ಇಲ್ಲ, ಮೈಕಿಲ್ಲ, ಅಪ್ಪಣೆ ಚೀಟಿಯೂ ಇಲ್ಲ. ಹಾಗೆ ನಡೆದೇ ನಮ್ಮ ಮಾತನ್ನೂ ಇಷ್ಟು ದೂರ ತಂದಿದ್ದೇವೆ, ಮುಂದೆಯೂ ನಡೆಯುತ್ತೇವೆ. ಹಾಗಂತ ಮೈದಾನದ ಮೇಲಿನ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಅದನ್ನು ಗುಡಿಸಿದವರು ನಾವು.