ಹಿಂದಿನ ಸಾಲಿಗೆ ಕೇಳದ ಮೈಕ್ ಸೆಟ್

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸಭೆಗೆ ಮೈಕ್ ಸೆಟ್ ಗೊತ್ತುಮಾಡುವಾಗ ಮೊದಲು ಬರುವ ಪ್ರಶ್ನೆ, ‘ಎಷ್ಟು ಬಾಕ್ಸ್ ಹಾಕ್ತೀರಿ?’ ಎರಡನೆಯದು ಬಾಡಿಗೆ. ಜನ ಎಲ್ಲಿಯವರೆಗೆ ಕೂರುತ್ತಾರೆ, ಇರುವುದು ಭಾಷಣವೋ ಆರ್ಕೆಸ್ಟ್ರಾವೋ ಯಕ್ಷಗಾನವೋ ಎಂಬ ಮಾತೇ ಏಳುವುದಿಲ್ಲ. ಫ್ರೀಡಂ ಪಾರ್ಕಿನಲ್ಲೋ ಕನಕಮಂಟಪ ಮೈದಾನದಲ್ಲೋ ವೇದಿಕೆಯ ಎರಡೂ ಮಗ್ಗುಲಿಗೆ ಆಳೆತ್ತರ ಬಾಕ್ಸ್ ಪೇರಿಸುತ್ತಾರೆ. ಮುಂದಿನ ಸಾಲಿನ ಗಣ್ಯರ ಎದೆ ಅದುರುತ್ತದೆ. ಹಿಂದೆ ಕಡಲೆಕಾಯಿ ತಿನ್ನುತ್ತ ನಿಂತವರಿಗೆ ಯಾರೋ ಏನೋ ಗಟ್ಟಿಯಾಗಿ ಹೇಳುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ.

ಇದಕ್ಕೆಲ್ಲ ಮೂಲ ವ್ಯಾಟ್ ಮೇಲಿನ ಕುರುಡು ನಂಬಿಕೆ. ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿಯಾದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ಅದು ತುಸುವೇ ಹೆಚ್ಚು. ಬಯಲಿನಲ್ಲಿ ಸ್ಪೀಕರ್ ಅರ್ಧ ದೂರಕ್ಕೆ ಹತ್ತಿರ ಬಂದರೆ ಸುಮಾರು 6 ಡೆಸಿಬಲ್ ಪುಕ್ಕಟೆ. ಹಾಗಾಗಿ ವೇದಿಕೆಯ ಪಕ್ಕ ಇನ್ನೂ ಪೇರಿಸುವುದಕ್ಕಿಂತ ಮೈದಾನದ ನಡುವೆ ಕಂಬಕ್ಕೆ ಎರಡು ಸಣ್ಣ ಸ್ಪೀಕರ್ ಕಟ್ಟುವುದು ಮೇಲು. ಅಲ್ಲೂ ಒಂದು ಸೂಕ್ಷ್ಮವಿದೆ. ಗಾಳಿಯಲ್ಲಿ ಸದ್ದು 30 ಮೀಟರ್ ಸಾಗಲು ಸುಮಾರು 90 ಮಿಲಿಸೆಕೆಂಡ್ ಬೇಕು, ವೈರಿನಲ್ಲಿ ಹೊತ್ತೇ ಹಿಡಿಯುವುದಿಲ್ಲ. ಕಂಬದ ಸ್ಪೀಕರಿಗೆ ಅಷ್ಟು ಡಿಲೇ ಕೊಡದಿದ್ದರೆ ಅಲ್ಲಿ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ. ಡಿಜಿಟಲ್ ಮಿಕ್ಸರ್‌ಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವಿರುತ್ತದೆ, ಮುಟ್ಟುವವರು ಕಡಿಮೆ.

ಹಳೆಯ ಹಾರ್ನನ್ನು ನಾವು ತೀರಾ ಬೇಗ ಮೂಲೆಗೆ ಹಾಕಿದೆವು ಅನ್ನಿಸುತ್ತದೆ. ಹಾಡಿಗೆ ಅದು ನಾಲಾಯಕ್ಕು, ತಕರಾರಿಲ್ಲ. ಆದರೆ ಅಹುಜ ಆಂಪ್ಲಿಫೈಯರಿಗೆ ಕೊಟ್ಟ ನಾಲ್ಕು ಹಾರ್ನ್ ಭಾಷಣವನ್ನು ಕೊನೆಯ ಸಾಲಿಗೆ ಅರ್ಥವಾಗುವಂತೆ ಮುಟ್ಟಿಸುತ್ತಿದ್ದವು. ‘ತಲೆ’ ಯಾವುದು, ‘ಕಲೆ’ ಯಾವುದು ಎಂದು ಕಿವಿ ಗುರುತಿಸುವುದು 2ರಿಂದ 4 ಸಾವಿರ ಹರ್ಟ್ಸ್ ಆಸುಪಾಸಿನ ಸದ್ದಿನಿಂದ. ಹಾರ್ನಿನ ಬಲವೂ ಅಲ್ಲೇ. ಈಗ ಮೆರವಣಿಗೆಯ ಡಿ.ಜೆ.ಗೆ ಬೇಸ್ ಏರಿಸಿದ ಸೆಟ್ಟನ್ನು ಹಾಗೇ ತಂದು ಉಪನ್ಯಾಸಕ್ಕೆ ಇಡುತ್ತಾರೆ. ಉಪನ್ಯಾಸಕರು ಮೈಕಿಗೆ ಮೊಳ ದೂರ ನಿಲ್ಲುತ್ತಾರೆ, ಮೈಕಿನವನು ವಾಲ್ಯೂಮ್ ಏರಿಸುತ್ತಾನೆ, ಸೆಟ್ಟು ಕುಂಯ್ ಎನ್ನುತ್ತದೆ. ಬೈಗುಳ ಮಾತ್ರ ಅವನೊಬ್ಬನಿಗೆ.

ಕಲ್ಯಾಣ ಮಂಟಪಗಳಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಗ್ರಾನೈಟ್ ನೆಲ, ಬರಿಗೋಡೆ, ಎತ್ತರದ ಸೂರು. ಒಮ್ಮೆ ಆಡಿದ ಮಾತು ಅಲ್ಲೇ ಸುತ್ತುತ್ತಿರುತ್ತದೆ, ವಾಲ್ಯೂಮ್ ಏರಿಸಿದಷ್ಟೂ ಗೊಂದಲ. ಗೋಡೆಯುದ್ದಕ್ಕೂ ಸಣ್ಣ ಕಾಲಂ ಸ್ಪೀಕರ್‌ಗಳನ್ನು ಕೂತವರ ಕಡೆಗೆ ತುಸು ಬಗ್ಗಿಸಿ, ಸಣ್ಣ ದನಿಯಲ್ಲಿ ಬಿಡುವುದೇ ಅಲ್ಲಿಗೆ ಸರಿ. ನೋಡಲು ಬಡವಾಗಿ ಕಾಣುತ್ತದೆ, ಅದೇ ಅದರ ದೋಷ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಸದ್ದು ಹೆಚ್ಚೆಂದರೆ 75 ಡೆಸಿಬಲ್. ಹಂಚಿ ಕಟ್ಟಿದ ಸೆಟ್ಟಿಗೆ ಆ ಮಿತಿ ಕಷ್ಟವಲ್ಲ, ಪೇರಿಸಿದ್ದಕ್ಕೆ ಕಷ್ಟ.

ಮೈಕಿನವರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಬಾಡಿಗೆ ಬಾಕ್ಸ್ ಲೆಕ್ಕದಲ್ಲಿ ಇರುವವರೆಗೆ ಬಾಕ್ಸೇ ಬರುತ್ತದೆ. ಎರಡು ತಾಸು ಮೊದಲೇ ಬಂದು ವೈರ್ ಎಳೆದು, ಕೊನೆಯ ಕುರ್ಚಿಯಲ್ಲಿ ಕೂತು ಕೇಳಿ ಸರಿಪಡಿಸುವ ಕೆಲಸಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ. ಸಂಘಟಕರು ಟೆಸ್ಟಿಂಗ್ ಕೇಳುವುದೂ ಮುಂದಿನ ಸೋಫಾದ ಬಳಿ ನಿಂತೇ.